ಲೈವ್ ರಾಕ್ ಬೇಯಿಸಬೇಡಿ, ಮೊದಲು ಅದರಲ್ಲಿ ಯಾರಿದ್ದಾರೆ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಮನೆಯಲ್ಲಿ ಹವಳದ ಅಕ್ವೇರಿಯಂ ಇಡುವ ಕುರಿತು ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಬಹುಪಾಲು ಸರಿಯಾಗಿಯೇ ಇದೆ. ಆದರೆ ಅದರ ಬದಿಯಲ್ಲಿ ಬಾಕ್ಸ್ ಕಟ್ಟಿ ಹಾಕಿದ ಸಲಹೆಗಳಲ್ಲಿ ಒಂದು ಅಪಾಯಕಾರಿ. 'ಲೈವ್ ರಾಕ್‌ನಲ್ಲಿ ಹುಳಹುಪ್ಪಟೆ ಕಂಡರೆ ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಿರಿ' ಎಂದು ಅಲ್ಲಿದೆ (ಲೈವ್ ರಾಕ್ ಎಂದರೆ ಬ್ಯಾಕ್ಟೀರಿಯಾ, ಹುಳು ಮುಂತಾದ ಜೀವಿಗಳು ಮನೆ ಮಾಡಿಕೊಂಡಿರುವ, ಕಡಲಿನಿಂದ ತಂದ ರಂಧ್ರಗಳ ಕಲ್ಲು). ಇದನ್ನು ಓದಿ ಯಾರಾದರೂ ಅಡುಗೆಮನೆಯ ಒಲೆಯ ಮೇಲೆ ಕಲ್ಲು ಬೇಯಿಸಲು ಹೊರಟರೆ ಸಾಯುವುದು ಹುಳ ಮಾತ್ರ ಎಂದು ಹೇಳಲಾಗದು.

ಕಾರಣ ಪ್ಯಾಲಿಟಾಕ್ಸಿನ್ ಎಂಬ ವಿಷ. ಲೈವ್ ರಾಕ್ ಮೇಲೆ ಅಂಗಿಯ ಗುಂಡಿ ಪೋಣಿಸಿಟ್ಟಂತೆ ಸಾಲಾಗಿ ಬೆಳೆಯುವ ಜೊಯಾಂಥಿಡ್ ಎಂಬ ಜೀವಿಗಳಿವೆ. ಒಂದೊಂದೂ ಅರ್ಧ ಸೆಂಟಿಮೀಟರಿನಿಂದ ಎರಡು ಸೆಂಟಿಮೀಟರ್ ಅಗಲ, ಚಪ್ಪಟೆ ಮುಖ, ಮುಖದ ಅಂಚಿಗೆ ಮಾತ್ರ ಗಿಡ್ಡ ಕುಚ್ಚು. ಇವುಗಳಲ್ಲೇ ಪ್ಯಾಲಿಥೋವಾ ಎಂಬ ಗುಂಪು ಕಂದು ಬಣ್ಣದ್ದು, ಮರಳಿನ ಕಣಗಳನ್ನು ಮೈಯೊಳಗೇ ಸೇರಿಸಿಕೊಂಡಿರುವುದರಿಂದ ಮುಟ್ಟಿದರೆ ಒರಟು. ನೀರಿನಿಂದ ಹೊರಗೆ ಬಂದಾಗ ಮುಚ್ಚಿಕೊಂಡು ಬರೀ ಗಂಟುಗಂಟಾಗಿ ಕಾಣುವುದರಿಂದ ಕಲ್ಲಿನದೇ ಉಬ್ಬು ಎಂದು ತಪ್ಪು ತಿಳಿಯುವವರೇ ಹೆಚ್ಚು. ಪ್ಯಾಲಿಟಾಕ್ಸಿನ್ ಮೊದಲು ಬೇರ್ಪಟ್ಟದ್ದು ಹವಾಯಿಯ ಇಂಥದೇ ಪ್ಯಾಲಿಥೋವಾದಿಂದ, 1971ರಲ್ಲಿ. ಅದು ಜೀವಕೋಶದ ಸೋಡಿಯಂ–ಪೊಟ್ಯಾಸಿಯಂ ಪಂಪನ್ನೇ ಕೆಡಿಸುತ್ತದೆ. ಪ್ರತಿವಿಷ ಇಲ್ಲ. ಕುದಿಸಿದರೆ ನಾಶವಾಗುವುದೂ ಇಲ್ಲ. ಆವಿಯ ಹನಿಗಳ ಜೊತೆ ಮೇಲೆದ್ದು ಮನೆಯವರ ಶ್ವಾಸಕೋಶಕ್ಕೆ ಹೋಗುತ್ತದೆ. ಬಾಯಲ್ಲಿ ಕಹಿ ಅಥವಾ ಲೋಹದ ರುಚಿ, ಕೆಮ್ಮು, ಎದೆ ಬಿಗಿತ, ಚಳಿಜ್ವರ, ಮೈಕೈ ನೋವು, ಕಣ್ಣು ಉರಿ ಇದರ ಲಕ್ಷಣಗಳು. ಫ್ಲೂ ಎಂದುಕೊಂಡು ಮಲಗಿಬಿಡುವ ಅಪಾಯ ಇರುವುದರಿಂದ ವೈದ್ಯರಿಗೆ ಅಕ್ವೇರಿಯಂ ವಿಷಯ ಹೇಳಲೇಬೇಕು. 2012ರಿಂದ 2014ರವರೆಗೆ ಅಲಾಸ್ಕಾದ ಮನೆಗಳಲ್ಲಿ, ಅಕ್ವೇರಿಯಂ ಅಂಗಡಿಗಳಲ್ಲಿ ಹೀಗೆ ಉಸಿರಿನ ಮೂಲಕ ಆದ ಪ್ರಕರಣಗಳ ಬಗ್ಗೆ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2015ರಲ್ಲಿ ವರದಿ ಪ್ರಕಟಿಸಿದೆ. ಕುದಿನೀರು, ಸ್ಟೀಮ್ ಕ್ಲೀನರ್, ಪ್ರೆಷರ್ ವಾಷರ್, ಒಣ ಬ್ರಷ್ಷಿನಿಂದ ಉಜ್ಜುವುದು, ಮೈಕ್ರೋವೇವ್: ಈ ಐದೂ ಬೇಡ.

ಕಲ್ಲನ್ನು ಪೂರ್ತಿ ಕೊಲ್ಲಲೇಬೇಕಾದ ಸಂದರ್ಭ ಬಂದರೆ ಬ್ಲೀಚ್ ಬಳಸಬೇಕು. ಸುವಾಸನೆ, ನೊರೆ ಬೆರೆಸದ ಮನೆಬಳಕೆಯ ಬ್ಲೀಚ್ ಒಂದು ಪಾಲು, ನೀರು ಹತ್ತು ಪಾಲು. ಆಗಿಂದಾಗ ಬೆರೆಸಿದ್ದಾಗಿರಬೇಕು, ಏಕೆಂದರೆ ಹಳೆಯ ದ್ರಾವಣದಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ತಾರಸಿಯಲ್ಲೋ ಅಂಗಳದಲ್ಲೋ ಬಕೆಟ್ ಇಟ್ಟು, ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಕೆರೆಯದೆ ಉಜ್ಜದೆ ಹಾಗೇ ಕಲ್ಲನ್ನು ಮುಳುಗಿಸಬೇಕು. ವಿಷ ಅಳಿಯಲು ಅರ್ಧ ಗಂಟೆ ಬೇಕು. ಕಲ್ಲಿನ ಸಂದುಗಳೊಳಗೆ ಇಳಿಯಲು ಒಂದೆರಡು ದಿನ ಬಿಟ್ಟರೆ ಒಳ್ಳೆಯದು. ಆಮೇಲೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆದು, ವಾಸನೆ ಹೋಗುವವರೆಗೆ ಬಿಸಿಲಿಗೆ ಇಡಬೇಕು. ಬ್ಲೀಚ್ ಇದ್ದ ಬಕೆಟ್ಟಿಗೆ ವಿನಿಗರ್ ಸುರಿಯಬಾರದು. ಇದನ್ನು ಬಿಡಿಸಿ ಹೇಳಲು ಕಾರಣವಿದೆ. ಪಂಪಿನ ಮೇಲಿನ ಸುಣ್ಣದ ಪದರ ತೆಗೆಯಲು ಅಕ್ವೇರಿಯಂ ಇಟ್ಟವರೆಲ್ಲ ವಿನಿಗರ್ ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಎರಡೂ ಸೇರಿದರೆ ಬರುವುದು ಕ್ಲೋರಿನ್ ಅನಿಲ.

ಅದಿರಲಿ, ಕೊಲ್ಲುವ ಅಗತ್ಯವಾದರೂ ಏನು ಎಂಬುದು ಮೂಲ ಪ್ರಶ್ನೆ. ಲೈವ್ ರಾಕ್‌ಗೆ ಅಷ್ಟು ಬೆಲೆ ಇರುವುದೇ ಅದರಲ್ಲಿ ಜೀವ ಇರುವುದಕ್ಕೆ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅದರ ರಂಧ್ರಗಳಲ್ಲಿ ಕೂತಿರುತ್ತವೆ. ಮೀನು ತಿಂದುಳಿದದ್ದನ್ನು ಹುಳುಗಳು, ಪುಟಾಣಿ ಸೀಗಡಿಗಳು ತಿಂದು ಮುಗಿಸುತ್ತವೆ. ಕರೆಯದೆ ಬಂದ ನೆಂಟರಾದ ಈ ಹಿಚ್‌ಹೈಕರ್‌ಗಳಲ್ಲಿ ಹೆಚ್ಚಿನವರು ಮನೆಗೆಲಸ ಮಾಡುವವರೇ. ಕೈಯಲ್ಲಿ ಎಣಿಸುವಷ್ಟು ಜಾತಿಗಳು ಮಾತ್ರ ಹವಳ ತಿನ್ನುತ್ತವೆ, ಮೀನು ಹಿಡಿಯುತ್ತವೆ, ಇಲ್ಲವೇ ಜಾಗ ಕಬಳಿಸುತ್ತವೆ. ಅವನ್ನು ಗುರುತಿಸುವುದು ಕಲಿತರೆ ಸಾಕು.

ನೋಡುವುದಕ್ಕೆ ಒಂದು ಕ್ರಮವಿದೆ. ಕಲ್ಲು ಬಂದ ಪೆಟ್ಟಿಗೆಯ ತಳದಿಂದಲೇ ಶುರು ಮಾಡಬೇಕು. ಲೈವ್ ರಾಕ್ ಸಾಮಾನ್ಯವಾಗಿ ಒದ್ದೆ ವೃತ್ತಪತ್ರಿಕೆಯಲ್ಲಿ ಸುತ್ತಿಕೊಂಡು ಬರುತ್ತದೆ (ನಿಮ್ಮ ಪತ್ರಿಕೆಗೆ ಹೀಗೂ ಒಂದು ಉಪಯೋಗ!). ಆ ಕಾಗದದ ಮಡಿಕೆಗಳಲ್ಲಿ, ಚೀಲದ ಮೂಲೆಯಲ್ಲಿ ಉಳಿದ ಎರಡು ಚಮಚ ನೀರಿನಲ್ಲಿ ಏಡಿ, ಸೀಗಡಿ, ಹುಳು ಇಳಿದು ಕೂತಿರುತ್ತವೆ. ಬಳಿಕ ಬಿಳಿ ಬಕೆಟ್ಟಿನಲ್ಲಿ ಕಡಲನೀರು ತುಂಬಿ ಕಲ್ಲನ್ನು ನಾಲ್ಕೈದು ಬಾರಿ ಅಲುಗಿಸಿ, ತಳದಲ್ಲಿ ಬಿದ್ದದ್ದನ್ನು ನೋಡಬೇಕು. ಬಿಳಿ ಬಕೆಟ್ ಎಂದದ್ದು ಸುಮ್ಮನೆ ಅಲ್ಲ. ಎರಡು ಮಿಲಿಮೀಟರಿನ ಚಪ್ಪಟೆ ಹುಳು ಕೆಂಪು, ನೀಲಿ ಬಕೆಟ್ಟಿನಲ್ಲಿ ಕಾಣುವುದೇ ಇಲ್ಲ. ಉಪ್ಪು ಹೆಚ್ಚಿಸಿ ಅದ್ದುವುದು ಇನ್ನೂ ಒಂದು ಉಪಾಯ. ಲೀಟರಿಗೆ 35 ಗ್ರಾಂ ಇರುವ ಕಡೆ ಸುಮಾರು 50 ಗ್ರಾಂ ಅಕ್ವೇರಿಯಂ ಉಪ್ಪು ಹಾಕಿ, ನೀರಿನ ಉಪ್ಪಿನ ಸಾಂದ್ರತೆ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.035ರಿಂದ 1.040ರ ನಡುವೆ ಬಂದ ನೀರಿನಲ್ಲಿ ಎರಡು ಮೂರು ನಿಮಿಷ ಇಟ್ಟರೆ, ಕಾಲಿದ್ದವು ಬಹಳಷ್ಟು ಓಡಿ ಹೊರಬರುತ್ತವೆ. ಬ್ಯಾಕ್ಟೀರಿಯಾಕ್ಕೆ ಅಷ್ಟಾಗಿ ಏಟು ಬೀಳುವುದಿಲ್ಲ. ಅಡುಗೆಯ ಅಯೋಡಿನ್ ಉಪ್ಪು ಇದಕ್ಕೆ ಬೇಡ. ಇನ್ನು ತೊಟ್ಟಿಗೆ ಹಾಕಿದ ಮೇಲೆ ನಿಜವಾದ ಗಣತಿ ನಡೆಯುವುದು ರಾತ್ರಿ, ದೀಪ ಆರಿಸಿ ಎರಡು ಗಂಟೆ ಕಳೆದ ನಂತರ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ ನೋಡಿ. ಈ ಜೀವಿಗಳಲ್ಲಿ ಹೆಚ್ಚಿನವಕ್ಕೆ ಕೆಂಪು ಬೆಳಕು ಸರಿಯಾಗಿ ಕಾಣದು, ಹಾಗಾಗಿ ಓಡಿಹೋಗುವುದಿಲ್ಲ. ಫೋಟೊ ತೆಗೆಯುವಾಗ ಗಾಜಿಗೆ ಗ್ರಾಫ್ ಕಾಗದದ ತುಂಡು ಅಂಟಿಸಿಕೊಂಡರೆ ಅಳತೆ ಸಿಗುತ್ತದೆ. ಮಸುಕು ಫೋಟೊ ತೋರಿಸಿ 'ಇದೇನು ಸಾರ್' ಎಂದು ಕೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು.

ಜನ ಹೆಚ್ಚು ಹೆದರುವುದು ಬ್ರಿಸಲ್ ವರ್ಮ್‌ಗೆ. ಬರಹದಲ್ಲಿ ಅಚ್ಚಾದ ಫೋಟೊದ ಹುಳವೂ ಅದೇ. ನಸುಗೆಂಪು ಅಥವಾ ಬೂದು ಮೈ, ಗಂಟುಗಂಟಿಗೂ ಎರಡೂ ಕಡೆ ಬಿಳಿ ಕೂದಲಿನ ಕುಚ್ಚು, ಜರಿಯ ಹಾಗೆ ನುಸುಳುವ ಚಲನೆ, ಉದ್ದ ಐದರಿಂದ ಹದಿನೈದು ಸೆಂಟಿಮೀಟರ್. ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ಕಲ್ಲಿನಲ್ಲಿ ಬರುವ ಯೂರಿಥೋಯಿ ಜಾತಿಯ ಈ ಹುಳ ಸತ್ತದ್ದನ್ನು, ಕೊಳೆತದ್ದನ್ನು ತಿನ್ನುತ್ತದೆ. ಸತ್ತ ಮೀನಿನ ಮೇಲೆ ನಾಲ್ಕು ಹುಳು ಮುತ್ತಿದ್ದು ಕಂಡರೆ ಅವೇ ಕೊಂದವು ಎಂದುಕೊಳ್ಳುತ್ತಾರೆ. ಹೆಣದ ಸುತ್ತ ಕಾಗೆ ಕಂಡಾಗ ಕಾಗೆಯನ್ನೇ ಕೊಲೆಗಾರ ಎಂದಂತಾಯಿತು. ಅವುಗಳ ಸಂಖ್ಯೆ ಏಕಾಏಕಿ ಹೆಚ್ಚಿದ್ದರೆ ಮೀನಿಗೆ ಹಾಕುವ ಆಹಾರ ಹೆಚ್ಚಾಗಿದೆ ಎಂದರ್ಥ. ಆಹಾರ ಇಳಿಸಿದರೆ ಕೆಲವು ವಾರಗಳಲ್ಲಿ ತಾವಾಗಿ ಕಡಿಮೆಯಾಗುತ್ತವೆ. ತೀರಾ ಬೇಡವೆನಿಸಿದರೆ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ಆರು ಮಿಲಿಮೀಟರಿನ ನಾಲ್ಕು ತೂತು ಕೊರೆದು, ಒಳಗೆ ಸೀಗಡಿ ಚೂರು ಇಟ್ಟು ರಾತ್ರಿ ಕಲ್ಲಿನ ಬುಡದಲ್ಲಿ ಇಡಿ. ಬೆಳಗ್ಗೆ ದೀಪ ಹಚ್ಚುವ ಮೊದಲೇ ತೆಗೆಯಿರಿ. ಬರಿಗೈಯಲ್ಲಿ ಮುಟ್ಟಬಾರದು. ಆ ಬಿಳಿ ಕೂದಲು ಪಾಪಾಸುಕಳ್ಳಿಯ ಸೂಕ್ಷ್ಮ ಮುಳ್ಳಿನ ಹಾಗೆ ಚರ್ಮದಲ್ಲಿ ಮುರಿದುಕೊಂಡು ಕಂಬಳಿಹುಳ ತಾಕಿದಂತೆ ಉರಿ, ತುರಿಕೆ ಏಳಿಸುತ್ತದೆ. ಉಜ್ಜಿದರೆ ಇನ್ನೂ ಒಳಹೋಗುತ್ತದೆ. ಸೆಲ್ಲೋಟೇಪ್ ಅಂಟಿಸಿ ಎಳೆದು ತೆಗೆದು, ಮೇಲೆ ವಿನಿಗರ್ ಒತ್ತಿದರೆ ಉರಿ ಇಳಿಯುತ್ತದೆ. ಕೂದಲು ಸುಣ್ಣದ ಅಂಶದ್ದಾದ್ದರಿಂದ ವಿನಿಗರ್‌ಗೆ ಕರಗುತ್ತದೆ.

ಹವಳ ತಿನ್ನುವ ಹುಳ ಬೇರೆ. ಬಿಯರ್ಡೆಡ್ ಫೈರ್‌ವರ್ಮ್ ಎಂಬ ಅದರ ತಲೆಯ ಮೇಲೆ ನೆರಿಗೆ ಹಾಕಿದಂಥ ಮಾಂಸದ ಗಡ್ಡೆ ಇರುತ್ತದೆ, ಗಂಟುಗಂಟಿಗೂ ಕೆಂಪು ಕಿವಿರಿನ ಕುಚ್ಚು ಎದ್ದು ಕಾಣುತ್ತದೆ. ಅದು ಅಟ್ಲಾಂಟಿಕ್, ಕೆರಿಬಿಯನ್, ಮೆಡಿಟರೇನಿಯನ್ ಕಡೆಯದು. ಫ್ಲಾರಿಡಾದಲ್ಲಿ ಗುತ್ತಿಗೆ ಪಡೆದ ಕಡಲತಳದಲ್ಲಿ ಸುಣ್ಣಕಲ್ಲು ಇಳಿಸಿ, ವರ್ಷ ಬಿಟ್ಟು ಎತ್ತಿ ಮಾರುವ ಲೈವ್ ರಾಕ್ ಅಮೆರಿಕದಲ್ಲಿ ಸಿಗುತ್ತದೆ. ಅಲ್ಲಿರುವ ಕನ್ನಡಿಗರು ಅಂಥ ಕಲ್ಲು ಕೊಂಡರೆ ಈ ಹುಳದ ಮೇಲೆ ಕಣ್ಣಿಡಬೇಕು. ಇಂಡೊನೇಷ್ಯಾದಿಂದ ಬಂದ ಕಲ್ಲಿನಲ್ಲಿ ಅದನ್ನು ಹುಡುಕುವುದು ವ್ಯರ್ಥ. ಯಾವ ಜೀವಿಯಾದರೂ ಅಷ್ಟೆ, ಕಲ್ಲು ಯಾವ ಸಾಗರದ್ದು ಎಂದು ಮೊದಲು ಕೇಳಿಕೊಂಡರೆ ಅರ್ಧ ಗುರುತು ಸಿಕ್ಕಂತೆ.

ಇನ್ನೊಂದು, ಯೂನಿಸ್ ಗುಂಪಿನ ಹುಳ. ಇದಕ್ಕೆ ಬಿಳಿ ಕುಚ್ಚು ಇಲ್ಲ. ಮೈಮೇಲೆ ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣ ಮಿಂಚುತ್ತದೆ, ತಲೆಯಲ್ಲಿ ಐದು ಮೀಸೆ. ಮೀಸೆ ಎಣಿಸಿದರೆ ಸಂಶಯ ಉಳಿಯದು. ಬೆರಳುದ್ದದವು ಇದ್ದರೆ ಬಿಟ್ಟುಬಿಡಬಹುದು. ಒಂದಡಿ ದಾಟಿದ್ದನ್ನು ಕಲ್ಲು ಸಮೇತ ತೆಗೆಯಬೇಕು. ಅರ್ಧ ಹೊರಬಂದಾಗ ಚಿಮಟದಲ್ಲಿ ಹಿಡಿದು ಎಳೆದರೆ ಬಾಲ ಕೈಗೆ ಬರುತ್ತದೆ, ದವಡೆ ಇರುವ ತಲೆ ಒಳಗೇ ಉಳಿಯುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ನ್ಯೂಕೀಯಲ್ಲಿರುವ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಹವಳ ತುಂಡಾಗುತ್ತಿತ್ತು, ಮೀನು ಕಾಣೆಯಾಗುತ್ತಿತ್ತು. 2009ರಲ್ಲಿ ಕಲ್ಲುಗಳನ್ನೆಲ್ಲ ಬಿಚ್ಚಿ ನೋಡಿದಾಗ ಸಿಕ್ಕಿದ್ದು ನಾಲ್ಕಡಿ ಉದ್ದದ ಇದೇ ಜಾತಿಯ ಹುಳ.

ನನ್ನ ಲೆಕ್ಕದಲ್ಲಿ ತೊಟ್ಟಿಗಳನ್ನು ಹೆಚ್ಚು ಹಾಳು ಮಾಡಿರುವುದು ಹುಳವಲ್ಲ, ಏಪ್‌ಟೇಸಿಯಾ ಎಂಬ, ಹೂವಿನಂತೆ ಕಾಣುವ ಕಡಲ ಜೀವಿ (ಒಂದು ಬಗೆಯ ಅನಿಮೋನಿ). ಆರಂಭದಲ್ಲಿ ಮುದ್ದಾಗಿ ಕಾಣುತ್ತದೆ, 'ಬಿಟ್ಟಿ ಅನಿಮೋನಿ ಸಿಕ್ಕಿತು' ಎಂದು ಮನೆಮಂದಿಗೆಲ್ಲ ತೋರಿಸುವುದೂ ಉಂಟು. ಗಾಜಿನಂತೆ ಪಾರದರ್ಶಕವಾದ ಕಂದು ಕಾಂಡ, ತುದಿಗೆ ಹೋಗುತ್ತ ಮೊನಚಾಗುವ ತೆಳು ದಳ, ನೆರಳು ಬಿದ್ದರೆ ತಟ್ಟನೆ ರಂಧ್ರದೊಳಗೆ ಸೇರಿಕೊಳ್ಳುವ ಅಭ್ಯಾಸ. ಅದರ ದಾಯಾದಿ ಮಜಾನೊ. ಅದರ ದಳ ಗಿಡ್ಡ, ತುದಿ ಉಬ್ಬಿದ ಗುಂಡು, ಬಣ್ಣ ಹಸಿರು ಅಥವಾ ಗುಲಾಬಿ. ಫೆದರ್ ಡಸ್ಟರ್ ಎಂಬ ನಿರುಪದ್ರವಿ ಹುಳವನ್ನೂ ಇವೆರಡರ ಜೊತೆ ಸೇರಿಸಿ ಕೊಲ್ಲುವವರಿದ್ದಾರೆ. ಡಸ್ಟರಿಗೆ ಹಕ್ಕಿಯ ಗರಿಯಂತೆ ಎಳೆಗೆ ಎಳೆ ಒಡೆದ ಕಿರೀಟ, ಕೆಳಗೆ ಕೊಳವೆಯಂಥ ಗೂಡು. ಏಪ್‌ಟೇಸಿಯಾಕ್ಕೆ ಗೂಡಿಲ್ಲ.

ಏಪ್‌ಟೇಸಿಯಾವನ್ನು ಕೆರೆಯಬಾರದು, ಹಿಸುಕಬಾರದು, ಕತ್ತರಿಸಬಾರದು. ಬುಡದ ಒಂದು ಚೂರು ಉಳಿದರೂ ಹೊಸದೊಂದು ಹುಟ್ಟುತ್ತದೆ. ಒಂದನ್ನು ಕೆರೆದು ತಿಂಗಳಲ್ಲಿ ಇಪ್ಪತ್ತು ಮಾಡಿಕೊಂಡವರು ಬಹಳ. ಮದ್ದು ನಮಗೆ ಪರಿಚಿತವಾದದ್ದೇ, ಸುಣ್ಣ. ಅಕ್ವೇರಿಯಂ ಅಂಗಡಿಯಲ್ಲಿ ಕಾಲ್ಕ್‌ವಾಸರ್ ಎಂದು ಡಬ್ಬಿಯಲ್ಲಿ ಮಾರುವುದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಎಲೆ ಅಡಿಕೆಗೆ ಹಚ್ಚುವ ಸುಣ್ಣವೂ ಮೂಲತಃ ಅದೇ. ಆದರೆ ಎಲೆಯ ಸುಣ್ಣಕ್ಕೆ ಏನೇನು ಬೆರೆಸಿರುತ್ತಾರೋ ಗೊತ್ತಾಗದ ಕಾರಣ ಶುದ್ಧ ಪುಡಿಯನ್ನೇ ತರಬೇಕು. ಒಂದು ಚಮಚ ಪುಡಿಗೆ ಎರಡು ಚಮಚದಷ್ಟು ಆರ್‌ಒ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ತೆಳ್ಳಗಾದರೆ ನೀರಿನಲ್ಲಿ ಚದುರಿ ಪಕ್ಕದ ಹವಳದ ಮೇಲೆ ಬೀಳುತ್ತದೆ, ಗಟ್ಟಿಯಾದರೆ ಸೂಜಿ ಕಟ್ಟಿಕೊಳ್ಳುತ್ತದೆ. ಪಂಪ್ ಎಲ್ಲ ನಿಲ್ಲಿಸಿ. ಮೊಂಡು ಸೂಜಿಯ ಐದು ಎಂಎಲ್ ಸಿರಿಂಜನ್ನು ಮೆಲ್ಲಗೆ, ನೆರಳು ಬೀಳದ ಹಾಗೆ ಬದಿಯಿಂದ ಒಯ್ದು, ಬಾಯಿಯ ನಡುಮಧ್ಯಕ್ಕೆ ಒಂದು ಹನಿ ಇಡಿ. ಆಹಾರ ಎಂದು ನುಂಗಿ ದಳ ಒಳಗೆ ಮಡಚಿಕೊಂಡಾಗ ಉಳಿದ ಅರ್ಧ ಎಂಎಲ್ ಅದರ ಮೇಲೆ, ರಂಧ್ರ ಮುಚ್ಚುವಂತೆ ಬಿಡಿ. ಅವಸರಪಟ್ಟು ಮೊದಲೇ ಒತ್ತಿದರೆ ಒಳಕ್ಕೆ ಓಡಿ ವಾರ ಬಿಟ್ಟು ಮತ್ತೆ ತಲೆಯೆತ್ತುತ್ತದೆ. ಹದಿನೈದು ನಿಮಿಷ ಬಿಟ್ಟು ಪಂಪ್ ಹಾಕಿ. ನೂರು ಲೀಟರ್ ನೀರಿಗೆ ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಸುಣ್ಣ ಪಿಎಚ್ ಏರಿಸುತ್ತದೆ; 8.5ರ ಹತ್ತಿರ ಬಂದರೆ ಆ ದಿನಕ್ಕೆ ಸಾಕು. ಸುಣ್ಣ ಕಣ್ಣಿಗೆ ಸಿಡಿಯದಂತೆ ಕನ್ನಡಕ ಇರಲಿ.

ಏಪ್‌ಟೇಸಿಯಾ ತಿನ್ನುವ ಜೀವಿಗಳನ್ನು ತಂದುಬಿಡುವ ದಾರಿಯೂ ಇದೆ. ಪೆಪ್ಪರ್‌ಮಿಂಟ್ ಸೀಗಡಿ ಒಳ್ಳೆಯದೇ, ಆದರೆ ಅದರ ಹೆಸರಿನಲ್ಲಿ ಕ್ಯಾಮೆಲ್ ಸೀಗಡಿ ಕೈಗೆ ಬರುತ್ತದೆ. ಬಿಳಿ ಪಟ್ಟೆ, ಮೇಲಕ್ಕೆ ಎತ್ತಿದ ಚೂಪು ಮೂತಿ, ಗೂನುಬೆನ್ನು ಇದ್ದರೆ ಅದು ಕ್ಯಾಮೆಲ್. ಏಪ್‌ಟೇಸಿಯಾ ಬಿಟ್ಟು ಹವಳವನ್ನೇ ಮೇಯುತ್ತದೆ. ಬರ್ಗಿಯಾ ಎಂಬ ಚಿಪ್ಪಿಲ್ಲದ ಬಸವನಹುಳು ಏಪ್‌ಟೇಸಿಯಾ ಬಿಟ್ಟು ಬೇರೇನೂ ತಿನ್ನದು, ಹಾಗಾಗಿ ಕೆಲಸ ಮುಗಿದ ದಿನ ಉಪವಾಸ ಸಾಯುತ್ತದೆ. ಕಾಪರ್‌ಬ್ಯಾಂಡ್ ಚಿಟ್ಟೆಮೀನು ತರುವ ಆಲೋಚನೆ ಇದ್ದರೆ, ಅಂಗಡಿಯಲ್ಲೇ ಅದು ಸತ್ತ ಆಹಾರ ತಿನ್ನುವುದನ್ನು ಕಣ್ಣಾರೆ ನೋಡಿ ತನ್ನಿ.

ರಾತ್ರಿ ತೊಟ್ಟಿಯಿಂದ 'ಟಕ್' ಎಂದು ಗಾಜಿಗೆ ಗೋಲಿ ತಗುಲಿದ ಸದ್ದು ಬಂದರೆ ಎರಡು ಸಾಧ್ಯತೆ. ಪಿಸ್ತೂಲ್ ಸೀಗಡಿಯಾದರೆ ಒಂದು ಇಕ್ಕಳ ಮಾತ್ರ ಮೈಗೆ ಹೊಂದದಷ್ಟು ದೊಡ್ಡದು. ಬಿಲದಲ್ಲಿ ಇರುತ್ತದೆ, ಅದರ ಪಾಡಿಗೆ ಬಿಡಬಹುದು. ಮ್ಯಾಂಟಿಸ್ ಸೀಗಡಿಯಾದರೆ ಕಷ್ಟ. ಕಡ್ಡಿಯ ಮೇಲೆ ಕೂತ ಕಣ್ಣುಗಳು ಒಂದು ಆಚೆ ಒಂದು ಈಚೆ ತಿರುಗುತ್ತಿರುತ್ತವೆ, ಮುಂಗಾಲು ಸೂರ್ಯನ ಕುದುರೆ ಹುಳದ ಹಾಗೆ ಎದೆಗೆ ಮಡಚಿರುತ್ತದೆ. ಮಲ್ಪೆ, ಮಂಗಳೂರು ಬಂದರಿನಲ್ಲಿ ಟ್ರಾಲ್ ಬಲೆಯ ಕಸಮೀನಿನ ರಾಶಿ ನೋಡಿದವರಿಗೆ ಮ್ಯಾಂಟಿಸ್ ಹೊಸದಲ್ಲ, ಆದರೆ ಅದು ಕೆಸರಿನ ಜಾತಿ. ಕಲ್ಲಿನಲ್ಲಿ ಬರುವುದು ಮೂರರಿಂದ ಎಂಟು ಸೆಂಟಿಮೀಟರಿನ, ಗುದ್ದಿ ಚಿಪ್ಪು ಒಡೆಯುವ ಜಾತಿ. ಒಡೆದ ಬಸವನಹುಳುವಿನ ಚಿಪ್ಪು ಒಂದೇ ರಂಧ್ರದ ಬಾಯಲ್ಲಿ ಬಿದ್ದಿದ್ದರೆ ಮನೆ ಅದೇ. ಆ ಕಲ್ಲನ್ನು ಎತ್ತಿ, ತೊಟ್ಟಿಯದೇ ನೀರಿದ್ದ ಬಕೆಟ್ಟಿನ ಮೇಲೆ ಹಿಡಿದು, ಸಿರಿಂಜಿನಲ್ಲಿ ಸಾದಾ ಸೋಡಾ ರಂಧ್ರದೊಳಗೆ ಬಿಡಿ. ಮಸಾಲೆ ಸೋಡಾ ಬೇಡ ಎಂದು ಹೇಳಬೇಕಾಗಿಲ್ಲ. ಇಂಗಾಲದ ಡೈಆಕ್ಸೈಡ್ ತಡೆಯಲಾಗದೆ ಒಂದೆರಡು ನಿಮಿಷದಲ್ಲಿ ಹೊರಗೆ ಜಿಗಿಯುತ್ತದೆ. ಬೆರಳು ಹತ್ತಿರ ಒಯ್ಯಬೇಡಿ.

ಏಡಿಗಳಲ್ಲಿ ನೋಡಬೇಕಾದದ್ದು ಇಕ್ಕಳದ ತುದಿ. ಚಮಚದ ಹಾಗೆ ಮೊಂಡಾಗಿ ತಗ್ಗು ಬಿದ್ದಿದ್ದರೆ ಪಾಚಿ ಕೆರೆದು ತಿನ್ನುವುದು. ಮೊನಚಾಗಿ, ಕಪ್ಪು ತುದಿಯಾಗಿ, ಮೈಯೆಲ್ಲ ಕೂದಲಿದ್ದರೆ ಮಾಂಸ ತಿನ್ನುವುದು. ಕಡಲೆಕಾಳಿನ ಗಾತ್ರದಲ್ಲಿರುವಾಗಲೇ ಹಿಡಿಯಿರಿ. ಗಾಜಿನ ಲೋಟದೊಳಗೆ ಸೀಗಡಿ ತುಂಡು ಹಾಕಿ ಕಲ್ಲಿಗೆ ಓರೆಯಾಗಿ ಒರಗಿಸಿಟ್ಟರೆ ರಾತ್ರಿ ಇಳಿಯುತ್ತದೆ, ನುಣುಪಿನಿಂದಾಗಿ ಹತ್ತಲಾಗದು. ಕವಲು ಹವಳದ ನಡುವೆ ಜೋಡಿಯಾಗಿ ಕೂತ ನುಣ್ಣನೆಯ, ಕೂದಲಿಲ್ಲದ ಪುಟ್ಟ ಏಡಿಯನ್ನು ಮಾತ್ರ ಮುಟ್ಟಬೇಡಿ. ಟ್ರಪೀಜಿಯಾ ಎಂಬ ಅದು ಹವಳ ತಿನ್ನಲು ಬಂದ ನಕ್ಷತ್ರಮೀನನ್ನು ಚಿವುಟಿ ಓಡಿಸುವ ಕಾವಲುಗಾರ. ಪೋರ್ಸಲಿನ್ ಏಡಿ ಬೀಸಣಿಗೆ ಬೀಸಿ ನೀರಿನ ಕಣ ಹಿಡಿದು ತಿನ್ನುತ್ತದೆ, ಸಾಧು.

ಬಸವನಹುಳುಗಳಿಗೆ ಒಂದು ಸುಲಭ ಪರೀಕ್ಷೆ: ಚಿಪ್ಪಿನ ಬಾಯಿ ತಿರುಗಿಸಿ ನೋಡಿ. ಬಾಯಿ ದುಂಡಗೆ, ಅಂಚು ಎಲ್ಲೂ ಕಡಿಯದೆ ಇದ್ದರೆ ಸಾಮಾನ್ಯವಾಗಿ ಪಾಚಿ ತಿನ್ನುವುದು. ಅಂಚಿನಲ್ಲಿ ಕೊಳವೆ ಹೊರಬರಲು ಒಂದು ಕಚ್ಚು ಇದ್ದರೆ ಬೇಟೆಗಾರ ಎಂದು ಶಂಕಿಸಿ. ಮರಳಿನಲ್ಲಿ ಹೂತಿರುವ ನಸ್ಸಾರಿಯಸ್ ಮಾತ್ರ ಈ ನಿಯಮಕ್ಕೆ ಹೊರತು, ಅದು ಕೊಳೆ ತಿಂದು ಬದುಕುತ್ತದೆ. ಕಪ್ಪು ಬಿಳಿ ಚೌಕಳಿಯ ಚಪ್ಪಟೆ ಸುರುಳಿ ಚಿಪ್ಪಿನ ಸನ್‌ಡಯಲ್, ಜೊಯಾಂಥಿಡ್ ತಿನ್ನುತ್ತದೆ. ಎರಡು ಮೂರು ಮಿಲಿಮೀಟರಿನ, ಅಕ್ಕಿ ನುಚ್ಚಿನಂಥ ಬಿಳಿ ಪಿರಮಿಡ್ ಬಸವನಹುಳು, ಮರುವಾಯಿಯ ಜಾತಿಯ ಚಿಪ್ಪುಜೀವಿಗಳ ಅಂಚಿನಲ್ಲಿ ರಾತ್ರಿ ಸಾಲುಗಟ್ಟಿ ರಸ ಹೀರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ದಿನಾ ಉಜ್ಜಿದರೆ ಹೋಗುತ್ತದೆ. ಕಲ್ಲಿಗೆ ಗಟ್ಟಿ ಕೊಳವೆ ಅಂಟಿಸಿಕೊಂಡು ಜೇಡನ ಹಾಗೆ ಲೋಳೆಯ ಎಳೆ ಬೀಸುವ ವರ್ಮೆಟಿಡ್‌ನ ಕೊಳವೆ ಬಾಯಿಗೆ ಒಂದು ತೊಟ್ಟು ಜೆಲ್ ಸೂಪರ್ ಗ್ಲೂ ಸಾಕು. ಅದರ ಹಾಗೆಯೇ ಕಾಣುವ, ಸಾಸಿವೆಯಷ್ಟೇ ದೊಡ್ಡ ಬಿಳಿ ಸುರುಳಿಗಳು ಸ್ಪೈರಾರ್ಬಿಡ್ ಹುಳುಗಳು, ಅವುಗಳಿಂದ ಏನೂ ತೊಂದರೆಯಿಲ್ಲ. ಇನ್ನು ಸ್ಟೊಮಟೆಲ್ಲಾ: ಉಗುರಿನಷ್ಟು ಚಿಪ್ಪು, ಅದಕ್ಕಿಂತ ದೊಡ್ಡ ಮೈ, ಬಸವನಹುಳುವಿಗೆ ತಕ್ಕದ್ದಲ್ಲದ ಓಟ. ಹಿಡಿದರೆ ಹಲ್ಲಿ ಬಾಲ ಬಿಟ್ಟ ಹಾಗೆ ಪಾದದ ಹಿಂಭಾಗ ಕಳಚಿ ಓಡುತ್ತದೆ. ಇದಕ್ಕಿಂತ ಒಳ್ಳೆಯ ಪಾಚಿ ತಿನ್ನುವವ ದುಡ್ಡು ಕೊಟ್ಟರೂ ಸಿಗುವುದಿಲ್ಲ, ದಯವಿಟ್ಟು ಕೊಲ್ಲಬೇಡಿ.

ಸಣ್ಣಪುಟ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ. ಗಾಜಿನ ಮೇಲೆ ಓಡುವ ಬಿಳಿ ಚುಕ್ಕಿ ಕೋಪಿಪಾಡ್, ಮೀನಿಗೆ ಆಹಾರ. ಬಿಲದಿಂದ ಚಾಚುವ ಶಾವಿಗೆಯಂಥ ಬಿಳಿ ಎಳೆ ಸ್ಪಗೆಟ್ಟಿ ವರ್ಮ್, ಒಳ್ಳೆಯದು. ಹತ್ತಿ ಉಂಡೆಯಂಥದ್ದು ಸ್ಪಂಜು. ಒಂದೊಂದು ಕಾಲು ಒಂದೊಂದು ಉದ್ದದ, ಕಿರುಬೆರಳಿನ ಉಗುರಿನಷ್ಟು ನಕ್ಷತ್ರಮೀನು ಆಸ್ಟರಿನಾ. ಗಾಜಿನ ಮೇಲಿದ್ದರೆ ಬಿಡಿ, ದಿನಾ ಜೊಯಾಂಥಿಡ್ ಮೇಲೇ ಕೂತಿದ್ದರೆ ತೆಗೆಯಿರಿ. ತುಕ್ಕು ಬಣ್ಣದ, ಬಾಲ ಮೂರು ಕವಲಾದ, ಐದು ಮಿಲಿಮೀಟರ್ ಒಳಗಿನ ಚಪ್ಪಟೆ ಹುಳು ರೆಡ್ ಪ್ಲನೇರಿಯಾ. ಇದಕ್ಕೆ ಮದ್ದು ಸಿಗುತ್ತದೆ, ಆದರೆ ಸಾವಿರಾರು ಒಮ್ಮೆಲೇ ಸತ್ತರೆ ಅವುಗಳ ಮೈಯ ವಿಷ ಮೀನನ್ನು ಕೊಲ್ಲುತ್ತದೆ. ಮೊದಲು ಗಾಳಿ ಪೈಪಿನಿಂದ ಆದಷ್ಟು ಹೀರಿ ತೆಗೆದು, ಆಮೇಲೆ ಮದ್ದು ಹಾಕಿ, ಕೂಡಲೇ ಕಾಲು ಭಾಗ ನೀರು ಬದಲಿಸಿ ನೀರಿನ ವಿಷ ಹೀರುವ ಹೊಸ ಕಾರ್ಬನ್ ಇಡಬೇಕು. ಹಸಿರು ಗಾಜಿನ ಮಣಿಯಂಥ ಬಬಲ್ ಪಾಚಿಯನ್ನು ಒಡೆಯದೆ ಬುಡದಿಂದ ತಿರುಚಿ ಕೀಳಿ.

ಮೀನಿನ ಮೈಗೆ ಕಚ್ಚಿಕೊಂಡ, ಒಂದು ಸೆಂಟಿಮೀಟರಿನ ಬೂದು ಹುಳ ಕಂಡರೆ ಅದು ಸೀಗಡಿ, ಏಡಿಗಳ ದೂರದ ನೆಂಟರಾದ ಐಸೊಪಾಡ್‌ಗಳಲ್ಲಿ ಕೆಟ್ಟ ಜಾತಿಯಾದ ಸಿರೊಲಾನಿಡ್. ಆಂಫಿಪಾಡ್ ಜೊತೆ ಗೊಂದಲ ಬೇಡ. ಆಂಫಿಪಾಡ್ ಎರಡು ಬದಿಯಿಂದ ಒತ್ತಿದಂತೆ ತೆಳ್ಳಗೆ, ಬಿಲ್ಲಿನಂತೆ ಬಾಗಿರುತ್ತದೆ. ಐಸೊಪಾಡ್ ಮೇಲಿನಿಂದ ತಟ್ಟಿದ ಹಾಗೆ ಚಪ್ಪಟೆ. ಮುಟ್ಟಿದರೆ ಉಂಡೆಯಾಗುವ ಐಸೊಪಾಡ್ ನಿರುಪದ್ರವಿ. ದೊಡ್ಡ ಕಣ್ಣಿದ್ದು ವೇಗವಾಗಿ ಈಜುವುದು ಸಿರೊಲಾನಿಡ್. ಮೀನು ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುವುದರಿಂದ, ಒಂದೇ ಒಂದು ಕಂಡರೂ ಮೀನುಗಳನ್ನು ಬೇರೆ ತೊಟ್ಟಿಗೆ ಸಾಗಿಸಿ, ಸೀಗಡಿ ಚೂರಿನ ಬಲೆ ಒಡ್ಡಿ ತಾಳ್ಮೆಯಿಂದ ಹಿಡಿಯಬೇಕು.

ಬಾಕ್ಸಿನಲ್ಲಿ ಕ್ಯೂರಿಂಗ್ ಬಗ್ಗೆ, ಅಂದರೆ ತೊಟ್ಟಿಗೆ ಹಾಕುವ ಮೊದಲು ಕಲ್ಲನ್ನು ಬೇರೆಯಾಗಿ ಇಟ್ಟು ಹದಗೊಳಿಸುವ ಬಗ್ಗೆ, ಒಂದು ಸಾಲೂ ಇರಲಿಲ್ಲ. ಪ್ರಯಾಣದಲ್ಲಿ ಕಲ್ಲಿನ ಮೇಲಿನ ಸ್ಪಂಜು, ಹುಳು ಕೆಲವು ಸತ್ತೇ ಇರುತ್ತವೆ. ನೇರ ಮೀನಿನ ತೊಟ್ಟಿಗೆ ಹಾಕಿದರೆ ಅಮೋನಿಯಾ ಏರಿ ಮೀನು ಸಾಯುತ್ತದೆ. ಪ್ರತ್ಯೇಕ ಡ್ರಮ್ಮಿನಲ್ಲಿ 1.025 ಸಾಂದ್ರತೆಯ ಕಡಲನೀರು, 25–26 ಡಿಗ್ರಿ ಶಾಖ, ಜೋರು ಪಂಪ್, ಪಾಚಿ ಏಳದಂತೆ ಕತ್ತಲೆ. ಬಿಳಿ ಲೋಳೆ ಕಟ್ಟಿದ ಜಾಗ ಕೊಳೆಯುತ್ತಿರುವ ಸ್ಪಂಜು. ನೀರಿನೊಳಗೇ ಬ್ರಷ್ಷಿನಿಂದ ತೆಗೆಯಿರಿ, ಅಂಗಿ ಗುಂಡಿಯಂಥ ಜೊಯಾಂಥಿಡ್ ಇರುವ ಕಡೆ ಮಾತ್ರ ಕೈ ಹಾಕಬೇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅರ್ಧ ನೀರು ಬದಲಿಸಿ. ಮೂರರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ವಾರವಿಡೀ ಸೊನ್ನೆ ಇದ್ದರೆ ಕಲ್ಲು ಸಿದ್ಧ. ಮೇಲೆ ಹೇಳಿದ ರಾತ್ರಿ ಗಣತಿಗೂ ಈ ಡ್ರಮ್ಮೇ ಸರಿಯಾದ ಜಾಗ. ಮ್ಯಾಂಟಿಸ್‌ಅನ್ನು ಖಾಲಿ ಡ್ರಮ್ಮಿನಲ್ಲಿ ಹಿಡಿಯುವುದಕ್ಕೂ ಹವಳ ಜೋಡಿಸಿದ ತೊಟ್ಟಿಯಲ್ಲಿ ಹಿಡಿಯುವುದಕ್ಕೂ ಅಜಗಜಾಂತರ.

ಕಾನೂನಿನ ಮಾತನ್ನೂ ಬರಹ ಬಿಟ್ಟಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಹವಳಗಳು, ಕಪ್ಪು ಹವಳ, ಕಡಲ ಬೀಸಣಿಗೆ, ಕಡಲ ಸೌತೆ ಎಲ್ಲ ಸೇರಿವೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ಲಕ್ಷದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ಒಂದು ತುಂಡು ಕಿತ್ತು ತಂದರೂ ಮೂರರಿಂದ ಏಳು ವರ್ಷ ಜೈಲಿನ ಅಪರಾಧ. ಹೊರದೇಶದ ಲೈವ್ ರಾಕ್, ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಕಾಗದಪತ್ರ ಕೇಳದೆ ಕೊಳ್ಳಬೇಡಿ. ಬೆಂಗಳೂರಿನಲ್ಲಿ ಹೊಸದಾಗಿ ಶುರು ಮಾಡುವವರಿಗೆ ಸೆರಾಮಿಕ್ ಕಲ್ಲು ಸಾಕು, ಬ್ಯಾಕ್ಟೀರಿಯಾ ಅದರಲ್ಲೂ ನೆಲೆಯೂರುತ್ತದೆ. ಹಾಗೆಂದು ಹಿಚ್‌ಹೈಕರ್ ಬಾರದೆಂದಲ್ಲ. ಆಮೇಲೆ ತರುವ ಬಸವನಹುಳುವಿನ ಬೆನ್ನೇರಿ, ಪಾಚಿಯ ಬೇರಿನಲ್ಲಿ ಅಡಗಿ ಬರುತ್ತವೆ.

ತೆಗೆದ ಜೀವಿಯನ್ನು, ಬದಲಿಸಿದ ನೀರನ್ನು ಕರಾವಳಿಯವರು ಕಡಲಿಗೋ ಅಳಿವೆಗೋ ಚೆಲ್ಲಬಾರದು. ಅಕ್ವೇರಿಯಂ ಪಾಚಿಯಾದ ಕಾಲರ್ಪಾ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊನಾಕೊ ಎದುರಿನ ಕಡಲಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್‌ನಲ್ಲಿ ಹರಡಿಹೋಯಿತು. 2000ದಲ್ಲಿ ಕ್ಯಾಲಿಫೋರ್ನಿಯಾದ ಹಿನ್ನೀರಿಗೆ ಸೇರಿದ್ದನ್ನು ನಿರ್ಮೂಲ ಮಾಡಲು ಆರು ವರ್ಷ ಹಿಡಿಯಿತು. ಬೇಡವಾದದ್ದನ್ನು ಫ್ರೀಜರಿನಲ್ಲಿ ಒಂದು ದಿನ ಇಟ್ಟು ಕಸಕ್ಕೆ ಹಾಕಿ, ನೀರಿಗೆ ಬ್ಲೀಚ್ ಬೆರೆಸಿ ಶೌಚಾಲಯದ ಗುಂಡಿಗೆ ಬಿಡಿ.

ಕಲ್ಲು ಬೇಯಿಸುವ ಸಲಹೆಗೆ ತಿದ್ದುಪಡಿಯನ್ನು ಮುಂದಿನ ಪುರವಣಿಯವರೆಗೆ ಕಾಯದೆ ಶನಿವಾರದ ಸಂಚಿಕೆಯಲ್ಲೇ ಹಾಕಬೇಕೆಂದು ಕೋರುತ್ತೇನೆ. ಹೆಚ್ಚಿನವರು ತೊಟ್ಟಿ ತೊಳೆಯುವುದು ಭಾನುವಾರ ಬೆಳಗ್ಗೆ.

– ಓದುಗ, ಜಯನಗರ, ಬೆಂಗಳೂರು